ಕುರ್ಚಿಗಳ ಲೆಕ್ಕ

ರೀಗಾ, ೨೦೧೦

ಬೆಳಿಗ್ಗೆ ಎಂಟರ ಟ್ರಾಮು ಹತ್ತುತ್ತೇನೆ, ಈಗಲೂ.
ಹೋಗಲು ಆಫೀಸಿಲ್ಲದಿದ್ದರೂ
ಕಾಲಿಗೆ ಹಳೆಯ ಹೊತ್ತು ಗೊತ್ತು.
ದೌಗವಾ ನದಿ ಹೆಪ್ಪುಗಟ್ಟಿದೆ.
ಅದರ ಮೇಲೆ ತೂತು ಕೊರೆದು ಮೀನಿಗೆ ಕಾಯುವವರು
ಈ ವರ್ಷ ಜಾಸ್ತಿ. ಅವರಲ್ಲೊಬ್ಬ
ನಮ್ಮ ಬೀದಿಯ ಬ್ಯಾಂಕಿನ ಮ್ಯಾನೇಜರಂತೆ,
ಔಸ್ಮಾ ಹೇಳಿದಳು. ನಾನು ನೋಡಲಿಲ್ಲ.
ನೋಡಿದ್ದರೂ ಮುಖ ತಿರುಗಿಸುತ್ತಿದ್ದೆ,
ಅವನಿಗಾಗಿ.

ಉದ್ಯೋಗ ಕಚೇರಿಯ ಬಾಗಿಲಲ್ಲಿ ಯಂತ್ರ ಚೀಟಿ ಕೊಡುತ್ತದೆ:
ನಾನೂರ ಹದಿನೇಳು.
ಐವತ್ತಮೂರು ವರ್ಷದ ಬಿರೂತಾ,
ಇಪ್ಪತ್ತಾರು ವರ್ಷ ಮರದ ವ್ಯಾಪಾರದ ಲೆಕ್ಕ ಬರೆದವಳು,
ಇವತ್ತು ಮಧ್ಯಾಹ್ನದ ತನಕ ನಾನೂರ ಹದಿನೇಳು.
ಪಕ್ಕದ ಹುಡುಗ ನಾನೂರ ಹದಿನೆಂಟು.
ಬೋರ್ಡಿನಲ್ಲಿರುವುದು ಒಂದೇ ಗುಮಾಸ್ತೆ ಕೆಲಸ,
ಇಬ್ಬರ ಕಣ್ಣೂ ಅಲ್ಲೇ.
ಅವನ ಪೆನ್ನಿನ ಶಾಯಿ ಮುಗಿಯಿತು,
ನನ್ನದು ಕೊಟ್ಟೆ.
ಕೊಡುವ ಮುಂಚೆ ಒಂದು ಗಳಿಗೆ ಯೋಚಿಸಿದೆ.
ಅದನ್ನೂ ಬರೆದಿಡುತ್ತೇನೆ,
ಲೆಕ್ಕ ಅಂದರೆ ಲೆಕ್ಕ.

ಅಕ್ಟೋಬರಿನಿಂದ ನಲವತ್ತೊಂದು ಅರ್ಜಿ.
ಮೂವತ್ತಾರಕ್ಕೆ ಮಾತಿಲ್ಲ ಕತೆಯಿಲ್ಲ.
ನಾಲ್ಕು ಕಡೆ ಒಳ್ಳೆಯ ಕಾಗದದಲ್ಲಿ ಇಲ್ಲ ಅಂದರು.
ಒಂದು ಕಡೆ ಕರೆದರು.
ತಳ ಬಿಟ್ಟ ಬೂಟನ್ನು
ಆಫೀಸಿನಿಂದ ತಂದ ಗೋಂದಿನಲ್ಲಿ ಅಂಟಿಸಿಕೊಂಡು ಹೋದೆ.
ನನ್ನ ಮಗನಷ್ಟೂ ವಯಸ್ಸಾಗಿರದ ರೈವಿಸ್ ಎಂಬಾತ
"ಐದು ವರ್ಷದಲ್ಲಿ ನಿಮ್ಮನ್ನು ಎಲ್ಲಿ ಕಾಣುತ್ತೀರಿ?" ಎಂದ.
ಐದು ವಾರದಾಚೆ ಮನೆಬಾಡಿಗೆಯ ಗೋಡೆ.
ಅದರಾಚೆ ಏನೂ ಕಾಣದು.
"ಇಲ್ಲೇ," ಎಂದೆ, "ನಿಮ್ಮೆದುರು."
ನಗಬೇಕಿತ್ತು ಅವನು. ನಗಲಿಲ್ಲ.
ಬೆಳಗಿನಿಂದ ಎಷ್ಟು ಜನ ಅದನ್ನೇ ಹೇಳಿದ್ದರೋ.

ಫೆಬ್ರವರಿಯಲ್ಲಿ ಫೋನು ಬಂತು.
ಮೂರು ದಿನದ ಕೆಲಸ, ದಿನಕ್ಕೆ ಒಂಬತ್ತು ಲಾತ್.
ಆಫೀಸು ಕೆಲಸವೇ, ಅಂದರು, ಒಂದು ರೀತಿಯಲ್ಲಿ:
ಮುಚ್ಚಿಹೋದ ಕಂಪನಿಯ ಸಾಮಾನು ಎಣಿಸಿ
ಹರಾಜಿಗೆ ಪಟ್ಟಿ ಮಾಡುವುದು.
ವಿಳಾಸ ಹೇಳತೊಡಗಿದರು.
ಅರ್ಧಕ್ಕೇ, ಗೊತ್ತು, ಅಂದೆ.

ಮೂರನೆಯ ಮಹಡಿ. ಬೀಗದ ಕೈ
ಎಡಕ್ಕೆ ತಿರುಗಿಸಿ ಬಾಗಿಲನ್ನು ಸ್ವಲ್ಪ ಎತ್ತಬೇಕು.
ಹರಾಜಿನ ಗಿಂತ್ಸ್ ಒದ್ದಾಡುತ್ತಿದ್ದ, ತೆಗೆದುಕೊಟ್ಟೆ.
"ಅನುಭವ ಇದೆ ನಿಮಗೆ," ಅಂದ.

ಮೇಜು ಮೂವತ್ತೆರಡು. ಕಪಾಟು ಏಳು.
ಗೋಡೆ ಗಡಿಯಾರ ಒಂದು, ನಡೆಯುತ್ತಿದೆ;
ಯಾರಿಗಾಗಿ ಎಂಬ ಕಾಲಂ ಫಾರಮ್ಮಿನಲ್ಲಿಲ್ಲ.
ಜೆರೇನಿಯಂ ಗಿಡ, ಕುಂಡ ಸಮೇತ, ಒಣಗಿದೆ:
ಸೇರಿಸಲೋ ಬಿಡಲೋ?
"ಬೆಲೆ ಬರುವುದನ್ನಷ್ಟೇ ಬರೆಯಿರಿ."
ಔಸ್ಮಾಳ ಡ್ರಾಯರಿನಲ್ಲಿ ಒಂಟಿ ಕೈಗವಸು,
ಬೆಳ್ಳಿಕಾಗದದಲ್ಲಿ ಸುತ್ತಿಟ್ಟ ಅರ್ಧ ಚಾಕೊಲೇಟು.
ಬರೆಯಲಿಲ್ಲ.
ಕೈಗವಸು ಜೇಬಿಗೆ, ಚಾಕೊಲೇಟು ಬಾಯಿಗೆ.
ಹಳತಾಗಿತ್ತು. ಆದರೂ ಸಿಹಿ.

ಹೊಲಿಗೆ ಬಿಟ್ಟಲ್ಲಿ ನಾನೇ ನೀಲಿ ದಾರ ಹಾಕಿದ ಕುರ್ಚಿ
ಕಿಟಕಿಯ ಹತ್ತಿರವೇ ಇತ್ತು.
ಪಟ್ಟಿ ಬರೆಯಲು ಎಲ್ಲಾದರೂ ಕೂರಬೇಕಲ್ಲ.
ಕೂತೆ.
ಬೆನ್ನು ಗುರುತು ಹಿಡಿಯಿತು.

ಮೂರನೆಯ ಸಂಜೆ ಕುರ್ಚಿಗಳ ಮೊತ್ತ ತಾಳೆಯಾಗಲಿಲ್ಲ.
ಹಳೆಯ ದಾಸ್ತಾನು ಪುಸ್ತಕದಲ್ಲಿ ಮೂವತ್ತನಾಲ್ಕು,
ನನ್ನದೇ ಅಕ್ಷರ.
ಎಣಿಸಿದರೆ ಮೂವತ್ತಮೂರು.
ಇಪ್ಪತ್ತಾರು ವರ್ಷದಲ್ಲಿ ಒಂದು ಕಾಸು ತಪ್ಪದವಳು
ಕೂತಲ್ಲಿಂದಲೇ ಬೆರಳು ನೀಟಿ ಮತ್ತೆ ಎಣಿಸಿದೆ,
ಮೂವತ್ತಮೂರು,
ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ,
ಮೂವತ್ತಮೂರು.
ಕಳ್ಳತನ ಅಂತ ಬರೆಯಲು ಪೆನ್ನು ಎತ್ತಿದ್ದೆ.
ಕೋಟು ತೊಟ್ಟು ನಿಂತಿದ್ದ ಗಿಂತ್ಸ್
ನೆಲ ನೋಡುತ್ತ, ಮೆಲ್ಲಗೆ,
"ಸ್ವಲ್ಪ ಏಳುತ್ತೀರಾ?" ಅಂದ.

ಎದ್ದೆ.
ಸ್ಥಿತಿ ಎಂಬ ಕಾಲಂ ಖಾಲಿ ಉಳಿದಿತ್ತು.
ಏನು ಬರೆಯಲಿ, ಕೇಳಿದೆ.
ಅವನು ನೀಲಿ ದಾರದ ಮೇಲೆ ಬೆರಳಾಡಿಸಿದ.
"ರಿಪೇರಿಯಾಗಿದೆ ಅಂತ ಬರೆಯಿರಿ."

ಬರೆದೆ, ನಿಂತುಕೊಂಡೇ.
ಆಮೇಲೆ ಇಪ್ಪತ್ತೇಳು ಲಾತ್ ಎಣಿಸಿಕೊಂಡೆ,
ಎರಡು ಸಲ.